ಎಸಿ ಅಂಗಡಿಯ ಹಾಸಿಗೆ, ಚೆನ್ನೈನ ಸೆಕೆ

ಚೆನ್ನೈನಲ್ಲಿ ನಾವು ಹಾಸಿಗೆ ಕೊಳ್ಳುವ ರೀತಿಯೇ ಸರಿಯಿಲ್ಲ. ಆರ್ಕಾಟ್ ರಸ್ತೆಯಾಗಲಿ, ವೇಳಚ್ಚೇರಿಯಾಗಲಿ, ಅಂಗಡಿಯೊಳಗೆ ಎಸಿ ಜೋರಾಗಿ ಓಡುತ್ತಿರುತ್ತದೆ. ಗಿರಾಕಿಗಳು ಬಂದು ಅಂಗೈಯಿಂದ ಒತ್ತಿ ನೋಡುತ್ತಾರೆ, ಅಂಚಿನ ಮೇಲೆ ಕೂತು ಏಳುತ್ತಾರೆ, ಬೆಲೆ ಕೇಳುತ್ತಾರೆ. ವರ್ಷಗಟ್ಟಲೆ ಮನೆಮಂದಿಯ ಬೆನ್ನು ಹೊರಬೇಕಾದ ವಸ್ತುವಿಗೆ ಅಷ್ಟೇ ಪರೀಕ್ಷೆ. ಅಂಗೈಗೆ ತಿಳಿಯುವುದು ಹೊದಿಕೆಯ ಜೊತೆ ಹೊಲಿದ ಮೇಲಿನ ಮೆತ್ತನೆಯ ಪದರ ಮಾತ್ರ. ಬಾಳಿಕೆ ತೀರ್ಮಾನವಾಗುವುದು ಅದರ ಕೆಳಗೆ.

ಇಲ್ಲಿನ ಕನ್ನಡ ಮನೆಗಳಲ್ಲಿ ಇನ್ನೊಂದು ರೂಢಿಯೂ ಉಂಟು: ಬೆಂಗಳೂರಿನ ನೆಂಟರನ್ನು ವಿಚಾರಿಸಿ ಅವರು ಹೊಗಳಿದ್ದನ್ನೇ ತರಿಸುವುದು. ದೇಶದ ಹೆಸರಾಂತ ಹಾಸಿಗೆ ಕಂಪನಿಗಳಲ್ಲಿ ಹಲವು ಬೆಂಗಳೂರಿನವೇ. ಮಣಿಪಾಲದ ಪೈ ಮನೆತನ 1962ರಲ್ಲಿ ಆರಂಭಿಸಿದ ಕರ್ಲ್‌ಆನ್ (2023ರಲ್ಲಿ ಅದು ಸ್ಲೀಪ್‌ವೆಲ್‌ನ ಒಡೆಯರಾದ ಶೀಲಾ ಫೋಮ್ ಪಾಲಾಯಿತು), 2016ರಲ್ಲಿ ಹುಟ್ಟಿದ ವೇಕ್‌ಫಿಟ್ ಅಲ್ಲಿಯವು. ಆದರೆ ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರಿನಲ್ಲಿ, ರಾತ್ರಿ ಕಿಟಕಿ ತೆರೆದರೆ ತಂಪಾಗುವ ಕೋಣೆಯಲ್ಲಿ ಹಿತವೆನಿಸಿದ ಹಾಸಿಗೆ, ಕಡಲ ಮಗ್ಗುಲಿನ ಊರಿಗೂ ಒಗ್ಗುತ್ತದೆಂದು ಹೇಳಲಾಗದು.

ಮೆಮೊರಿ ಫೋಮ್ ವಿಷಯದಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. 1966ರ ಸುಮಾರಿಗೆ ನಾಸಾದ ಏಮ್ಸ್ ಕೇಂದ್ರಕ್ಕಾಗಿ, ವಿಮಾನದ ಆಸನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಈ ಫೋಮ್ ತಂಪಿನಲ್ಲಿ ಬಿಗಿಯಾಗುತ್ತದೆ, ಬಿಸಿಯಲ್ಲಿ ಸಡಿಲವಾಗುತ್ತದೆ. ಎಸಿ ಅಂಗಡಿಯಲ್ಲಿ ಹದವಾಗಿ ಕಂಡದ್ದು, ಮೇ ತಿಂಗಳ ಕಡು ಸೆಕೆಯ ಅಗ್ನಿ ನಕ್ಷತ್ರದ ದಿನಗಳಲ್ಲಿ ಫ್ಯಾನಿನ ಗಾಳಿಯೂ ಬಿಸಿಯಾಗಿರುವ ಕೋಣೆಯಲ್ಲಿ ಸೊಂಟ ಹೂತುಹೋಗುವಷ್ಟು ಮೆತ್ತಗಾಗುತ್ತದೆ. ಹೂತ ಕಡೆ ಗಾಳಿಯಾಡುವುದಿಲ್ಲ, ಬೆವರು ಆರುವುದಿಲ್ಲ. ಜೆಲ್ ಬೆರೆಸಿದ ‘ಕೂಲ್’ ಹಾಸಿಗೆಯೂ ಮಲಗಿದ ಸ್ವಲ್ಪ ಹೊತ್ತು ತಣ್ಣಗಿದ್ದು, ತನ್ನ ಪಾಲಿನ ಶಾಖ ಹೀರಿಕೊಂಡ ಮೇಲೆ ಮೈಯಷ್ಟೇ ಬೆಚ್ಚಗಾಗುತ್ತದೆ. ರಾತ್ರಿಯಿಡೀ ಎಸಿ ಹಾಕುವ ಮನೆಯವರು ಬೇಕಾದರೆ ಕೊಳ್ಳಲಿ, ಫ್ಯಾನನ್ನೇ ನಂಬಿದ ಮನೆಗೆ ನಾನು ಬೇಡವೆಂದೇ ಹೇಳುತ್ತೇನೆ.

ಮಾರಾಟಗಾರರು ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಎನ್ನುತ್ತಾರೆ. ಕೇಳುವವರು ಅದನ್ನು ಗಡಸುತನ ಎಂದುಕೊಳ್ಳುತ್ತಾರೆ. ಅದು ಒಂದು ಘನ ಮೀಟರ್ ಫೋಮ್ ಎಷ್ಟು ಕೆ.ಜಿ. ತೂಗುತ್ತದೆ ಎಂಬ ಲೆಕ್ಕ. ಹೆಚ್ಚು ಡೆನ್ಸಿಟಿಯ ಫೋಮ್ ಮೆತ್ತಗೂ ಇರಬಹುದು, ಕಡಿಮೆಯದು ಗಟ್ಟಿಯಾಗಿಯೂ ಇರಬಹುದು. ಡೆನ್ಸಿಟಿ ಮುಖ್ಯವಾಗಿ ಹೇಳುವುದು ಬಾಳಿಕೆಯನ್ನು, ಮತ್ತು ಅದನ್ನು ನಾವೇ ಪರೀಕ್ಷಿಸಬಹುದು. 75 ಇಂಚು ಉದ್ದ, 36 ಇಂಚು ಅಗಲ, 4 ಇಂಚು ದಪ್ಪದ ಒಂದೇ ಬಗೆಯ ಫೋಮ್ ನಿಜವಾಗಿ 32 ಡೆನ್ಸಿಟಿಯದಾದರೆ ಹೊದಿಕೆ ಬಿಟ್ಟು ಸುಮಾರು 5.7 ಕೆ.ಜಿ. ತೂಗಬೇಕು. 4.2 ತೂಗಿದರೆ ಅದು 24ರದು. ಹಾಸಿಗೆಯನ್ನು ಎತ್ತಿ ಹಿಡಿದು ಮನೆಯ ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆದರೆ ಲೆಕ್ಕ ಸಿಗುತ್ತದೆ. ಆದರೆ ತೂಕ ಏರಿಸಲೆಂದೇ ಫೋಮಿಗೆ ಸುಣ್ಣಕಲ್ಲಿನ ಪುಡಿ ಬೆರೆಸುವುದೂ ಉಂಟು. ಹಾಗಾಗಿ ತೂಕದ ಜೊತೆಗೆ ಕಣ್ಣೂ ಬೇಕು.

ಜಿಪ್ ಬಿಚ್ಚಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಒಳಗೆ ಹಳದಿ, ಗುಲಾಬಿ, ಬೂದು ಬಣ್ಣದ ಚೂರುಗಳು ಒತ್ತೊತ್ತಾಗಿ ಅಂಟಿಕೊಂಡಿದ್ದರೆ ಅದು ಬಾಂಡೆಡ್ ಫೋಮ್, ಅಂದರೆ ಕಾರ್ಖಾನೆಯ ಉಳಿಕೆ ತುಂಡುಗಳನ್ನು ಅಂಟು ಹಾಕಿ ಒತ್ತಿದ್ದು. ಕೆಳಪದರಕ್ಕೆ ಅದು ಸಲ್ಲುತ್ತದೆ. ಅದನ್ನೇ ಪೂರ್ತಿ ತುಂಬಿ, ಮೇಲೆ ಬೆನ್ನೆಲುಬಿನ ಚಿತ್ರ ಅಚ್ಚು ಹಾಕಿ, ‘ಆರ್ಥೋ’ ಎಂದು ದುಬಾರಿ ಬೆಲೆಗೆ ಮಾರುವುದನ್ನು ನಾನು ಒಪ್ಪುವುದಿಲ್ಲ. ಬೆನ್ನುನೋವಿಗೆ ಗಟ್ಟಿ ಹಾಸಿಗೆಯೇ ಮದ್ದೆಂಬ ನಂಬಿಕೆಗೂ ಆಧಾರ ಸಾಲದು. ಹಳೆಯ ಸೊಂಟನೋವಿದ್ದ 313 ಮಂದಿಯನ್ನು 90 ದಿನ ಗಮನಿಸಿ ಸ್ಪೇನ್‌ನಲ್ಲಿ ನಡೆಸಿದ ಅಧ್ಯಯನ 2003ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಅದರಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದರಲ್ಲಿ ಮಲಗಿದವರಿಗೇ ಹೆಚ್ಚು ಗುಣ ಕಂಡಿತು. ಅಂಗಡಿಯಲ್ಲಿ ಕಾಲು ಗಂಟೆಯಾದರೂ ಮಲಗಿ, ನೀವು ಮನೆಯಲ್ಲಿ ಮಲಗುವ ಮಗ್ಗುಲಲ್ಲೇ ಮಲಗಿ. ಭುಜ ಜೋಮು ಹಿಡಿದರೆ ಅದು ನಿಮಗೆ ಗಡಸು. ಸೊಂಟ ಇಳಿದು ನಡು ಬಾಗಿದರೆ ಮೆತ್ತಗಾಯಿತು.

ಹಾಗಾದರೆ ಈ ಊರಿಗೆ ಯಾವುದು? ರಬ್ಬರು ಹಾಲು ಸಿಂಪಡಿಸಿ ಗಟ್ಟಿಮಾಡಿದ ತೆಂಗಿನ ನಾರಿನ ಹಾಸಿಗೆ ಗಾಳಿಯಾಡಿಸುತ್ತದೆ, ಬೆಲೆಯೂ ಕೈಗೆಟಕುವಂಥದ್ದು. ಆದರೆ ವರ್ಷಗಳು ಕಳೆದಂತೆ ರಬ್ಬರು ಒಣಗಿ ನಾರು ಬಿಡುತ್ತದೆ. ಮಂಚದಡಿ ಗುಡಿಸುವಾಗ ಕಂದು ಪುಡಿ ಸಿಗತೊಡಗಿತೆಂದರೆ ಅದರ ಆಯಸ್ಸು ಮುಗಿಯುತ್ತಾ ಬಂತು. ಲೇಟೆಕ್ಸ್‌ಗೇ ನನ್ನ ಮೊದಲ ಮತ. ಮೈತುಂಬ ಸೂಜಿತೂತುಗಳು, ಒತ್ತಿದ ತಕ್ಷಣ ಮೇಲೇಳುವ ಗುಣ. ಚೆನ್ನೈನದೇ ಆದ ಎಂ.ಎಂ. ಫೋಮ್ ಇದಕ್ಕೆ ಬಹುಕಾಲದಿಂದ ಹೆಸರುವಾಸಿ. ಬೆಲೆ ಜಾಸ್ತಿ, ತೂಕವೂ ಜಾಸ್ತಿ. ‘ನ್ಯಾಚುರಲ್’ ಎಂದು ಮಾರುವುದರಲ್ಲಿ ಕೃತಕ ರಬ್ಬರು ಎಷ್ಟು ಬೆರೆತಿದೆ ಎಂದು ಬರಹದಲ್ಲೇ ಕೇಳಿ ಪಡೆಯಬೇಕು. ನಮ್ಮವರು ಹಾಸಿಗೆಯನ್ನು ತಾರಸಿಯ ಮೇಲೆ ಬಿಸಿಲಿಗೆ ಹಾಕುತ್ತಾರೆ. ಲೇಟೆಕ್ಸ್‌ಗೆ ಆ ಉಪಚಾರ ಸಲ್ಲದು, ಬಿಸಿಲು ಅದನ್ನು ಪುಡಿಗಟ್ಟಿಸುತ್ತದೆ.

ಬಿಸಿಲನ್ನು ಬೇಡುವುದು ಇಲವಂ ಪಂಜು, ನಮ್ಮ ಬಿಳಿ ಬೂರುಗದ ಹತ್ತಿ. ತೇಣಿ ಜಿಲ್ಲೆಯ ಬೋಡಿನಾಯಕನೂರು ಅದರ ವ್ಯಾಪಾರಕ್ಕೆ ಹೆಸರಾದ ಊರು. ಎಳೆಯ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ. ಹಿಂದೆ ಜೀವರಕ್ಷಕ ಜಾಕೆಟ್‌ಗಳಿಗೆ ತುಂಬುತ್ತಿದ್ದುದು ಇದನ್ನೇ. ಹೊಲಿಗೆಯ ಮೂಲೆ ಬಿಚ್ಚಿಸಿ ಒಂದು ಚಿಟಿಕೆ ಎಳೆದು ನೋಡಿ. ರೇಷ್ಮೆಯ ಹೊಳಪಿದ್ದು ಲೋಟದ ನೀರಿನಲ್ಲಿ ತೇಲಬೇಕು. ಬಣ್ಣದ ನೂಲೆಳೆ, ಗಂಟು ಕಂಡರೆ ಗಿರಣಿಯ ಕಸ ಬೆರೆತಿದೆ. ಈ ಹಾಸಿಗೆ ಕೆಲವೇ ವರ್ಷಗಳಲ್ಲಿ ಗಂಟುಕಟ್ಟುತ್ತದೆ ನಿಜ, ಆದರೆ ಬಿಚ್ಚಿ, ಎಕ್ಕಿ, ಮತ್ತೆ ತುಂಬಬಹುದು. ಕರ್ನಾಟಕದಲ್ಲಿ ಪಿಂಜಾರರು ತಲೆಮಾರುಗಳಿಂದ ಮಾಡಿಕೊಂಡು ಬಂದ ಈ ದುರಸ್ತಿ ಯಾವ ಫೋಮಿಗೂ ಸಾಧ್ಯವಿಲ್ಲ. ನೆಲಮಹಡಿಯ ಮನೆಗಳಿಗೆ ಇನ್ನೊಂದು ಅನುಕೂಲ: ಹಗುರ, ಸುತ್ತಿ ಅಟ್ಟಕ್ಕೇರಿಸಬಹುದು. 2015ರ ಡಿಸೆಂಬರ್ ನೆರೆಯಲ್ಲೂ 2023ರ ಮಿಚಾಂಗ್ ಚಂಡಮಾರುತದಲ್ಲೂ ನೀರು ಹೊಕ್ಕ ಬೀದಿಗಳಲ್ಲಿ ನೆನೆದ ಹಾಸಿಗೆಗಳು ರಾಶಿಬಿದ್ದವು. ದಪ್ಪ ಫೋಮ್ ಒಮ್ಮೆ ಕೊಳಕು ನೀರು ಕುಡಿದರೆ ನಡುವಿನವರೆಗೆ ಆರುವುದೇ ಇಲ್ಲ.

ಮಂಚವನ್ನೂ ನೋಡಬೇಕು. ಪೂರ್ತಿ ಮುಚ್ಚಿದ ಪ್ಲೈವುಡ್ ಹಲಗೆಯ ಮೇಲೆ ತಮಿಳು ತಿಂಗಳುಗಳಾದ ಐಪ್ಪಸಿ-ಕಾರ್ತಿಕದ ಮಳೆಗಾಲದಲ್ಲಿ ಎಂಥ ಹಾಸಿಗೆಯ ಅಡಿಯೂ ಬೂಷ್ಟು ಹಿಡಿಯುತ್ತದೆ. ಪಟ್ಟಿಗಳ ಮಂಚ ಲೇಸು. ವಾರಂಟಿ ಕಾಗದದಲ್ಲಿ ವರ್ಷಗಳ ಸಂಖ್ಯೆಗಿಂತ, ಎಷ್ಟು ಆಳ ಕುಸಿದರೆ ಬದಲಿಸಿಕೊಡುತ್ತಾರೆ, ಕಲೆಯಾದರೆ ಏನು ಎಂಬ ಸಾಲುಗಳನ್ನು ಓದಿ.

ಆನ್‌ಲೈನ್ ಕಂಪನಿಗಳು ಕೊಡುವ 100 ರಾತ್ರಿಗಳ ಪ್ರಯೋಗ ಒಳ್ಳೆಯ ಏರ್ಪಾಡು, ಅಂಗಡಿಯ ಪರೀಕ್ಷೆಗಿಂತ ಎಷ್ಟೋ ಮೇಲು. ಆದರೆ ಪೊಂಗಲ್ ರಿಯಾಯಿತಿಗೆ ಮರುಳಾಗಿ ಜನವರಿಯಲ್ಲಿ ತರಿಸಿದರೆ ಆ 100 ರಾತ್ರಿಗಳು ಏಪ್ರಿಲ್‌ನಲ್ಲೇ ತೀರಿಹೋಗುತ್ತವೆ. ಮಾರ್ಚ್ ಮೊದಲ ವಾರದಲ್ಲಿ ತರಿಸಿ. ಮೇ ತಿಂಗಳ ಅಗ್ನಿ ನಕ್ಷತ್ರ ಪೂರ್ತಿಯಾಗಿ ಅದರೊಳಗೆ ಬರುತ್ತದೆ, ಒಗ್ಗದಿದ್ದರೆ ಹಿಂತಿರುಗಿಸಲು ಜೂನ್‌ನ ಮೊದಲ ದಿನಗಳೂ ಕೈಯಲ್ಲಿರುತ್ತವೆ.