ಕಂಬಾರರ ನಾಟಕಗಳೂ ಗ್ರಾಮ್ಯತೆಯ ವಿಚಾರವೂ

ಕಾವ್ಯದೋಷಗಳನ್ನು ಎಣಿಸುವಲ್ಲಿ ಆಲಂಕಾರಿಕರು ಗ್ರಾಮ್ಯವೆಂಬುದೊಂದನ್ನು ಹೇಳಿರುವರು. ಕೇವಲ ಲೋಕದ ಆಡುಮಾತಿನಲ್ಲಿದ್ದು ಶಾಸ್ತ್ರದಲ್ಲಿ ಬಳಕೆಯಿಲ್ಲದ ಪದವು ಗ್ರಾಮ್ಯವೆಂದು ವಾಮನನ ಮತ. ಈ ಲಕ್ಷಣವನ್ನು ಅಕ್ಷರಶಃ ಅನ್ವಯಿಸಿದರೆ ಡಾ. ಚಂದ್ರಶೇಖರ ಕಂಬಾರ ಇವರ ನಾಟಕಗಳಲ್ಲಿ ನಿರ್ದೋಷವಾದ ಪುಟವೊಂದೂ ಉಳಿಯಲಾರದು. ಆದರೆ ಅವರ 'ಸಿರಿಸಂಪಿಗೆ' ನಾಟಕಕ್ಕೆ 1991ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು; 2010ನೆಯ ಸಾಲಿನ ಜ್ಞಾನಪೀಠವೂ ಅವರಿಗೆ ಲಭಿಸಿತು. ಹೀಗಿರಲು ತಪ್ಪಿರುವುದು ಲಕ್ಷಣವೋ ಲಕ್ಷ್ಯವೋ ಎಂಬುದು ವಿಚಾರಾರ್ಹವಾದ ಪ್ರಶ್ನೆಯೇ ಸರಿ.

ಈ ಪ್ರಶ್ನೆಯು ಚಿಕ್ಕೋಡಿ, ರಾಯಬಾಗ, ಅಥಣಿಗಳ ವಾಚಕರಿಗೆ ದೂರದ್ದಲ್ಲ. ಕಂಬಾರರು 1937ರಲ್ಲಿ ಜನಿಸಿದ ಘೋಡಗೇರಿಯು ಚಿಕ್ಕೋಡಿಗೆ ತಗುಲಿದ ಹುಕ್ಕೇರಿ ತಾಲೂಕಿನಲ್ಲಿದೆ. ಅವರ ನಾಟಕದ ಮಾತು ಈ ಸೀಮೆಯ ಮನೆಮಾತು. ಮನೆಯಲ್ಲಿ 'ಹೇಳತೇನ' ಎಂದವರು ಸಭೆಯಲ್ಲಿ ನಿಂತೊಡನೆ 'ಹೇಳುತ್ತೇನೆ' ಎಂದು ತಿದ್ದಿಕೊಳ್ಳುವರು. ಮಕ್ಕಳಿಗೂ ಹಾಗೆಯೇ ಕಲಿಸುವರು. ನಿಪ್ಪಾಣಿ, ಕಾಗವಾಡಗಳ ಕಡೆಗಂತೂ ಅತ್ತ ಮರಾಠಿ, ಇತ್ತ ಪುಸ್ತಕದ ಕನ್ನಡ, ಇವೆರಡರ ನಡುವೆ ಮನೆಯ ಕನ್ನಡವು ಸಂಕೋಚದಿಂದ ಮೂಲೆಗೆ ಸರಿದು ನಿಂತಿದೆ. 'ಹೇಳತೇನ ಕೇಳ' ಎಂಬ ಆ ಮನೆಮಾತನ್ನೇ 1964ರಲ್ಲಿ ಒಂದು ದೀರ್ಘಕಾವ್ಯದ ಹೆಸರಾಗಿ ಇಟ್ಟವರು ಕಂಬಾರರು.

ಅವರ ನಾಟಕಗಳಲ್ಲಿ 'ಜೋಕುಮಾರಸ್ವಾಮಿ'ಯನ್ನು ಪರೀಕ್ಷೆಗೆ ತೆಗೆದುಕೊಳ್ಳುವುದು ಯುಕ್ತ. 1972ರಲ್ಲಿ ಬಿ. ವಿ. ಕಾರಂತ ಇವರ ನಿರ್ದೇಶನದಲ್ಲಿ ಅದು ಬೆಂಗಳೂರಿನಲ್ಲಿ ರಂಗವೇರಿತು. ಭಾದ್ರಪದ ಶುದ್ಧ ಅಷ್ಟಮಿಗೆ ಹುಟ್ಟಿ, ಏಳೇ ದಿನ ಬದುಕಿ, ಹುಣ್ಣಿಮೆಗೆ ಹತನಾಗುವ ಜೋಕುಮಾರನನ್ನು ಬುಟ್ಟಿಯಲ್ಲಿಟ್ಟು ಮನೆಮನೆಗೆ ಹೊತ್ತು ತರುವ ಪದ್ಧತಿಯನ್ನು ಈ ಪ್ರಾಂತದ ಗೃಹಿಣಿಯರೆಲ್ಲರೂ ಬಲ್ಲರು. ಆತನು ಮಳೆಬೆಳೆಗಳ, ಸಂತಾನದ ದೇವತೆ. ನಾಟಕದಲ್ಲಿ ಗೌಡನು ಬಂದೂಕುಳ್ಳವನು, ಭೂಮಿಯುಳ್ಳವನು. ಆದರೆ ಮಕ್ಕಳಿಲ್ಲದವನು, ಮಕ್ಕಳನ್ನು ಪಡೆಯಲಾರದವನು. ಸಂತಾನಾಪೇಕ್ಷೆಯಿಂದ ಗೌಡತಿಯು ಜೋಕುಮಾರಸ್ವಾಮಿಯೆಂದು ಪೂಜಿಸಿದ ಪಡುವಲಕಾಯಿಯ ಪಲ್ಯವನ್ನು ಪತಿಗೆಂದು ಒಯ್ಯುತ್ತಾಳೆ. ಅದನ್ನು ಉಣ್ಣುವವನು ಹೊಲವನ್ನು ಉಳುವ ಬಸಣ್ಣ. ಗೌಡತಿಯು ಗರ್ಭಿಣಿಯಾಗುತ್ತಾಳೆ; ಜೋಕುಮಾರನಂತೆಯೇ ಬಸಣ್ಣನೂ ಹತನಾಗುತ್ತಾನೆ.

ಇದರ ಭಾಷೆಯನ್ನು ಸಮರ್ಥಿಸಲು ಶಾಸ್ತ್ರದಲ್ಲಿಯೇ ಒಂದು ಸುಲಭವಾದ ದಾರಿಯುಂಟು. ಆಡುವವನ ಔಚಿತ್ಯದಿಂದ ದೋಷವೂ ಗುಣವಾದೀತೆಂದೂ, ಅಧಮಪಾತ್ರಗಳ ಬಾಯಲ್ಲಿ ಗ್ರಾಮ್ಯವು ಒಪ್ಪುವುದೆಂದೂ ಮಮ್ಮಟನು ಒಪ್ಪಿಕೊಂಡಿದ್ದಾನೆ. ಶಾಕುಂತಲದ ಬೆಸ್ತನು ಪ್ರಾಕೃತವನ್ನಾಡುವುದು ಈ ನ್ಯಾಯದಿಂದಲೇ. ಆದರೆ ಈ ಸಮರ್ಥನೆಯು ಕಂಬಾರರಿಗೆ ಸಾಲದು. ಸಂಸ್ಕೃತ ನಾಟಕದಲ್ಲಿ ಭಾಷೆಯು ಉತ್ತಮರನ್ನೂ ಅಧಮರನ್ನೂ ಬೇರ್ಪಡಿಸುವ ಗೋಡೆ. ರಾಜನದೊಂದು ನುಡಿ, ಸೇವಕನದೊಂದು ನುಡಿ. ಇಲ್ಲಿಯಾದರೋ ಗೌಡ, ಗೌಡತಿ, ಬಸಣ್ಣ, ಮೇಳದವರು, ಎಲ್ಲರೂ ಆಡುವುದು ಒಂದೇ ಮಾತು. ಒಡೆಯನಿಗೂ ಆಳಿಗೂ ನುಡಿಯಲ್ಲಿ ಭೇದವಿಲ್ಲದುದರಿಂದ ಅವರ ಭೇದವು ಬೇರೆ ಕಡೆ ಕಾಣಬೇಕಾಗುತ್ತದೆ: ಒಬ್ಬನ ಕೈಯಲ್ಲಿ ಬಂದೂಕು, ಇನ್ನೊಬ್ಬನ ಕೈಯಲ್ಲಿ ಬೀಜ. ನಾಟಕದ ಅರ್ಥವೆಲ್ಲವೂ ಇಲ್ಲಿದೆ. ಗೌಡನಿಗೆ ಗ್ರಂಥಸ್ಥ ಕನ್ನಡವನ್ನು ಕೊಟ್ಟಿದ್ದರೆ ಈ ಅರ್ಥವು ಕೆಡುತ್ತಿತ್ತು. ಆದ್ದರಿಂದ ಗ್ರಾಮ್ಯವು ಇಲ್ಲಿ ಕ್ಷಮಿಸಬೇಕಾದ ದೋಷವಲ್ಲ; ಅದು ನಾಟಕದ ಅಸ್ಥಿಭಾರ.

ಅಮೇರಿಕದ ಶ್ರೇಷ್ಠ ನಾಟಕಕಾರ, 1936ರ ನೊಬೆಲ್ ಪಾರಿತೋಷಕವನ್ನು ಪಡೆದ ಯೂಜೀನ್ ಓನೀಲ್ ಎಂಬವನ 'ಡಿಸೈರ್ ಅಂಡರ್ ದಿ ಎಲ್ಮ್ಸ್' ನಾಟಕವನ್ನು ಇದರೊಡನೆ ಹೋಲಿಸುವುದು ಉಪಯುಕ್ತ. 1924ರ ಆ ಕೃತಿಯಲ್ಲಿಯೂ ಹೊಲದ ಒಡೆಯನಾದ ವೃದ್ಧನೊಬ್ಬ, ಅವನ ತರುಣ ಪತ್ನಿ, ಆಸ್ತಿಗಾಗಿ ಬೇಕಾದ ಮಗು. ಅಲ್ಲಿಯೂ ತಂದೆಮಕ್ಕಳೆಲ್ಲರ ಬಾಯಲ್ಲಿರುವುದು ನ್ಯೂ ಇಂಗ್ಲೆಂಡ್ ಪ್ರಾಂತದ ಒಕ್ಕಲಿಗರ ಒರಟು ಮಾತು. ಆದರೆ ಅಲ್ಲಿ ಮಲಮಗನಿಂದ ಮಗುವನ್ನು ಪಡೆದ ಆಕೆಯು, ತನ್ನ ಪ್ರೇಮವು ನಿಜವೆಂದು ತೋರಿಸಲು ಆ ಕೂಸನ್ನೇ ಕೊಲ್ಲುತ್ತಾಳೆ. ಕೊನೆಗೆ ಅವರನ್ನು ಹಿಡಿಯಬಂದ ಅಧಿಕಾರಿಯೂ ಹೊಲವನ್ನು ನೋಡಿ, ಇದು ತನ್ನದಾಗಬಾರದಿತ್ತೇ ಎಂದು ಆಸೆಪಡುತ್ತಾನೆ. ಓನೀಲನಲ್ಲಿ ಭೂಮಿಯು ಉಳಿದು ಬೀಜವು ನಾಶವಾಗುತ್ತದೆ. ಕಂಬಾರರಲ್ಲಿ ಬಿತ್ತಿದವನು ಅಳಿದು ಬೀಜವು ಉಳಿಯುತ್ತದೆ. ಮೊದಲನೆಯದರಲ್ಲಿ ಮನುಷ್ಯನು ಒಂಟಿ; ಎರಡನೆಯದರಲ್ಲಿ ವರುಷ ವರುಷವೂ ಸತ್ತು ಹುಟ್ಟುವ ದೇವತೆಯೊಬ್ಬನು ಅವನ ಬೆನ್ನಿಗಿದ್ದಾನೆ.

ಪರಪುರುಷನಲ್ಲಿ ರತಿಯು ರಸಾಭಾಸವೆಂಬ ಆಕ್ಷೇಪವನ್ನೂ ಪಂಡಿತರು ಎತ್ತಬಹುದು. ಆದರೆ ಗೌಡತಿಯ ಸ್ಥಾಯಿಯು ರತಿಯಲ್ಲ, ಸಂತಾನದ ಹಂಬಲ. ಬಸಣ್ಣನ ಮರಣದಲ್ಲಿ ಹುಟ್ಟುವ ಕರುಣವು ಆ ಹಂಬಲದಿಂದಲೇ ಪುಷ್ಟಿಗೊಳ್ಳುತ್ತದೆ. ಇಲ್ಲಿ ಶೃಂಗಾರವು ಅಂಗ, ಅಂಗಿಯಲ್ಲ.

ಹಾಗೆಂದು ದೋಷವೇ ಇಲ್ಲವೆನ್ನಲಾಗದು. ಬಸಣ್ಣನು ಭೂಮಿಯ ಒಡೆತನವನ್ನು ಕುರಿತು ಮಾತನಾಡುವಾಗ ಕೆಲವೆಡೆ ಒಕ್ಕಲಿಗನ ಧ್ವನಿಯನ್ನು ಬಿಟ್ಟು ಭಾಷಣಕಾರನ ಧ್ವನಿಯನ್ನು ತಾಳುತ್ತಾನೆ. ಉಳುವವನಿಗೆ ಹೊಲವನ್ನು ಕೊಡುವ ಭೂಸುಧಾರಣೆಯ ತಿದ್ದುಪಡಿಯು 1974ರಲ್ಲಿ ಜಾರಿಗೆ ಬಂದಿತು. ನಾಟಕವು ಅದಕ್ಕಿಂತ ಎರಡು ವರುಷ ಹಿಂದಿನದು. ಆ ಕಾಲದ ಆವೇಶವನ್ನು ಅರಿಯಬಹುದಾದರೂ ರಂಗದ ಮೇಲೆ ಅದು ಭಾರವೇ. 'ಸಿರಿಸಂಪಿಗೆ'ಯಲ್ಲಿ ತನ್ನನ್ನು ಎರಡಾಗಿ ಸೀಳಿಸಿಕೊಳ್ಳುವ ರಾಜಕುಮಾರನ ಕಥೆಯು ಮನೋಹರವಾಗಿದ್ದರೂ ತತ್ತ್ವವು ಮುಂದಾಗಿ ಮನುಷ್ಯನು ಹಿಂದುಳಿಯುತ್ತಾನೆ. ಸಾವಿನ ದೇವತೆಯಾದ ತಾಯಿಯನ್ನೇ ವೈದ್ಯನಾದ ಸಾಕುಮಗನು ಎದುರಿಸುವ 'ಮಹಾಮಾಯಿ'ಯಲ್ಲಿ, ತಾಯಿಮಕ್ಕಳ ಜಗಳದಿಂದಾಗಿ ಮಾತಿಗೆ ಮರಳಿ ಉಸಿರು ಬರುತ್ತದೆ.

ಕಂಬಾರರು ಬಿಟ್ಟುಕೊಡುವ ಸಂಪತ್ತು ಯಾವುದು? ಕ್ರಿಯಾಪದದ ತುದಿಯನ್ನು ಮೊಟಕು ಮಾಡಿ, ನಾಲ್ಕು ಬೈಗುಳನ್ನು ಸೇರಿಸಿ, ಪ್ರೇಕ್ಷಕರನ್ನು ನಗಿಸುವುದೇ ಜಾನಪದವೆಂದು ತಿಳಿದ ಅನುಕರಣಕಾರರ ಪಾಲಿಗೆ ಅದು ಒದಗಲಾರದು. ಉತ್ತರ ಕರ್ನಾಟಕದ ಬಯಲಾಟ, ಪಾರಿಜಾತಗಳನ್ನು ಅವರು ಪಂಡಿತರಂತೆ ಅಭ್ಯಸಿಸಿದರು, ಮೇಳದವರಂತೆ ಅರಗಿಸಿಕೊಂಡರು. ಅನುಕರಿಸತಕ್ಕುದು ಈ ಪರಿಶ್ರಮವನ್ನು.

ಓದುಬರಹವಿಲ್ಲದ ನಾಡವರೂ ಕಾವ್ಯಪ್ರಯೋಗದಲ್ಲಿ ಮತಿಯುಳ್ಳವರೆಂದು ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿಯೇ ಹೇಳಿತು. ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಬೆಳಗಾವಿ ಜಿಲ್ಲೆಯ ಒಕ್ಕುಂದವನ್ನೂ ಹೆಸರಿಸಿತು. ಅಂಥ ಸೀಮೆಯ ಮನೆತನಗಳು ತಮ್ಮ ಮಾತನ್ನು ತಾವೇ ಗ್ರಾಮ್ಯವೆಂದು ಅಳುಕುವುದು ಯೋಗ್ಯವಲ್ಲ. 'ಜೋಕುಮಾರಸ್ವಾಮಿ'ಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಲಿ. ಬೇರೆ ಪ್ರಾಂತದವರಿಗೆ ಅರ್ಥಕೋಶ ಬೇಕಾದ ಕಡೆಯಲ್ಲಿ ಇಲ್ಲಿಯ ಮಕ್ಕಳಿಗೆ ಅಜ್ಜಿಯ ದನಿಯೇ ಕೇಳಿಸೀತು.