ಸೂತ್ರಕ್ಕೆ ಸಿಗದ ವೈರಸ್

2020ರ ಅಕ್ಟೋಬರ್‌ನಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ನೇಮಿಸಿದ್ದ ಸಮಿತಿಯೊಂದು ಒಂದು ಮಾತು ಹೇಳಿತು: ಎಲ್ಲರೂ ಎಚ್ಚರಿಕೆಯಿಂದ ಇದ್ದರೆ 2021ರ ಫೆಬ್ರುವರಿ ಹೊತ್ತಿಗೆ ಕೊರೊನಾ ಹತೋಟಿಗೆ ಬರುತ್ತೆ. ಫೆಬ್ರುವರಿ ಬಂತು, ಕೇಸುಗಳು ನಿಜಕ್ಕೂ ಇಳಿದವು. ನಮ್ಮೂರ ಕಡೆ ಏಪ್ರಿಲ್-ಮೇ ಮದುವೆಗಳಿಗೆ ಛತ್ರ ಬುಕ್ ಆಗಿದ್ದು ಆಗಲೇ. ಮೇ ಮೊದಲ ವಾರದಲ್ಲಿ ದಿನದ ಕೇಸು 4 ಲಕ್ಷ ದಾಟಿತು. ಮುಂದಿನದ್ದು ನಿಮಗೆಲ್ಲ ಗೊತ್ತು.

ಆ ಲೆಕ್ಕದ ಹಿಂದಿದ್ದ ಮಾಡೆಲ್‌ನ ಹೆಸರು 'ಸೂತ್ರ'. ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ಐಐಟಿ ಹೈದರಾಬಾದಿನ ಎಂ. ವಿದ್ಯಾಸಾಗರ್, ಸೇನೆಯ ವೈದ್ಯೆ ಮಾಧುರಿ ಕಾನಿಟ್ಕರ್ ಸೇರಿ ಕಟ್ಟಿದ್ದು. ಅಗ್ರವಾಲ್ ಅಂದರೆ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಪರಿಚಯ ಬೇಕಿಲ್ಲ, ಎಕೆಎಸ್ ಅಲ್ಗಾರಿದಂನ 'ಎ' ಅವರೇ. ಹಾಗಾಗಿ 'ಗಣಿತ ಬಾರದವರು ಮಾಡಿದ್ದು' ಅಂತ ಟ್ವಿಟರ್‌ನಲ್ಲಿ ಬೈದವರ ಜೊತೆ ನಾನಿಲ್ಲ. ನನ್ನ ತಕರಾರು ಇರೋದು ಮಾಡೆಲ್‌ನ ಒಳಗೆ ವೈರಸ್‌ಗೆ ಸಿಕ್ಕಿರೋ ಜಾಗದ ಬಗ್ಗೆ.

ಇಂಥ ಮಾಡೆಲ್‌ಗಳ ಅಜ್ಜ 1927ರಲ್ಲಿ ಕೆರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ಬರೆದ ಪ್ರಬಂಧ. ಮೆಕೆಂಡ್ರಿಕ್ ನಮ್ಮ ಕಸೌಲಿಯಲ್ಲಿ ಕೆಲಸ ಮಾಡಿದ್ದ ಡಾಕ್ಟರು. ತಮ್ಮ ಸಮೀಕರಣವನ್ನು ಅವರು ತಾಳೆ ನೋಡಿದ್ದು 1905-06ರ ಮುಂಬೈ ಪ್ಲೇಗಿನ ಸಾವಿನ ಲೆಕ್ಕದ ಜೊತೆ. ಸೋಂಕು ತಗುಲಬಹುದಾದವರು, ತಗುಲಿದವರು, ಗುಣವಾದವರು ಅಥವಾ ಸತ್ತವರು ಅಂತ ಮೂರು ಡಬ್ಬ. ಜನ ಒಂದು ಡಬ್ಬದಿಂದ ಇನ್ನೊಂದಕ್ಕೆ ಹೋಗ್ತಾರೆ. ರೋಗಾಣು ಮಾತ್ರ ಮೊದಲಿಂದ ಕೊನೇತನಕ ಅದೇ. ಒಂದು ಊರು, ಒಂದು ಸೀಸನ್ನಿನ ಪ್ಲೇಗಿಗೆ ಅಷ್ಟು ಸಾಕಿತ್ತು.

ಸೂತ್ರ ಇದಕ್ಕೆ ಟೆಸ್ಟ್‌ಗೆ ಸಿಗದ ಸೋಂಕಿತರ ಡಬ್ಬವನ್ನು ಸೇರಿಸಿತು. ನಮ್ಮ ದೇಶದ ಮಟ್ಟಿಗೆ ಇದು ಪ್ರಾಮಾಣಿಕ ಸೇರ್ಪಡೆ, ಒಪ್ಪಲೇಬೇಕು. ಎಡವಟ್ಟು ಇರೋದು ಅದರ 'ಹಂತ'ಗಳಲ್ಲಿ. ಕರ್ವ್ ಹಳೇ ದಾರಿ ಬಿಟ್ಟಾಗ ಹೊಸ ಹಂತ ಶುರುವಾಯ್ತು ಅಂತ ಭಾವಿಸಿ, ಪ್ಯಾರಾಮೀಟರ್‌ಗಳನ್ನು ಮತ್ತೆ ಲೆಕ್ಕ ಹಾಕ್ತಾರೆ. ಪ್ರೊಡಕ್ಷನ್‌ನಲ್ಲಿ ಬಗ್ ಬಂದಾಗಲೆಲ್ಲ ಯಾಕೆ ಬಂತು ಅಂತ ನೋಡದೆ ಕಾನ್‌ಫಿಗ್ ಫೈಲಿನ ನಂಬರ್ ಬದಲಾಯಿಸಿದ ಹಾಗೆ. ಹಿಂತಿರುಗಿ ನೋಡಿದರೆ ಗೆರೆ ಡೇಟಾದ ಮೇಲೆ ಅಚ್ಚುಕಟ್ಟಾಗಿ ಕೂತಿರುತ್ತೆ. ಆದರೆ ಸೋಂಕಿನ ವೇಗ ಹೆಚ್ಚಿದ್ದು ಜನ ಮಾಸ್ಕ್ ಬಿಟ್ಟಿದ್ದಕ್ಕೋ, ಜಾತ್ರೆ-ಚುನಾವಣೆಗೋ, ವೈರಸ್ಸೇ ಬದಲಾಗಿದ್ದಕ್ಕೋ? ಎಲ್ಲ ಕಾರಣವೂ ಒಂದೇ ನಂಬರಿನಲ್ಲಿ ಕರಗಿಹೋಗಿರುತ್ತೆ.

ಎಕ್ಸೆಲ್ ತೆಗೆದು ಎರಡು ಕಾಲಂ ಹಾಕಿ ನೋಡಿ. ಹಳೇ ತಳಿ ದಿನಕ್ಕೆ 10,000 ಕೇಸು, ಎರಡು ವಾರಕ್ಕೊಮ್ಮೆ ಅರ್ಧ ಆಗ್ತಿದೆ. ಹೊಸ ತಳಿ ಬರೀ 100, ಎರಡು ವಾರಕ್ಕೊಮ್ಮೆ ಡಬಲ್ ಆಗ್ತಿದೆ. ಮೊತ್ತ 10,100ರಿಂದ 5,200ಕ್ಕೆ, ಆಮೇಲೆ 2,900ಕ್ಕೆ, 2,050ಕ್ಕೆ ಇಳಿಯುತ್ತೆ. ಆರು ವಾರ ಬರೀ ಇಳಿಕೆ. ಎಂಟನೇ ವಾರ 2,225, ಹನ್ನೆರಡನೇ ವಾರ 6,500ರ ಮೇಲೆ! ಭತ್ತದ ಗದ್ದೇಲಿ ಕಾಡುಭತ್ತ ಸೇರಿಕೊಂಡಾಗ ಹೀಗೇ ಆಗೋದು. ಬದುವಿನ ಮೇಲೆ ನಿಂತವನಿಗೆ ಎಲ್ಲ ಒಂದೇ ಹಸಿರು, ತೆನೆ ಬಂದಾಗಲೇ ಗುರುತು ಸಿಗೋದು. ಮೊತ್ತದ ಕಾಲಂ ಒಂದನ್ನೇ ನೋಡುವ ಮಾಡೆಲ್ ಕೂಡ ಬದುವಿನ ಮೇಲೇ ನಿಂತಿದೆ.

ಒಳಗೆ ಇಳಿದು ನೋಡೋಕೆ ಜೀನೋಮ್ ಸೀಕ್ವೆನ್ಸಿಂಗ್ ಬೇಕು. ಅದಕ್ಕಂತಲೇ 2020ರ ಡಿಸೆಂಬರ್‌ನಲ್ಲಿ ಹತ್ತು ಲ್ಯಾಬ್‌ಗಳ ಇನ್ಸಾಕಾಗ್ ಒಕ್ಕೂಟ ಹುಟ್ಟಿತು. ಬೆಂಗಳೂರಿನ ನಿಮ್ಹಾನ್ಸ್, ಇನ್‌ಸ್ಟೆಮ್ ಅದರಲ್ಲಿದ್ದವು. ಪಾಸಿಟಿವ್ ಬಂದ ಸ್ಯಾಂಪಲ್‌ಗಳಲ್ಲಿ 5% ಓದಬೇಕು ಅನ್ನೋದು ಗುರಿ. ಮೊದಲ ತಿಂಗಳುಗಳಲ್ಲಿ ಅದರ ಹತ್ತಿರಕ್ಕೂ ಹೋಗಲಿಲ್ಲ. ಎರಡನೇ ಕಾಲಂ ತುಂಬೋಕೆ ಡೇಟಾನೇ ಇರಲಿಲ್ಲ ಅನ್ನೋದು ಮಾಡೆಲ್ ಕಟ್ಟಿದವರ ಪರವಾಗಿ ಹೇಳಬೇಕಾದ ಮಾತು. ಆದರೆ ಕಾಲಂ ಖಾಲಿ ಇದೆ ಅಂತ ಗೊತ್ತಿರೋದು ಬೇರೆ, ಕಾಲಮ್ಮೇ ಇಲ್ಲದಿರೋದು ಬೇರೆ.

ಕೊರೊನಾ ವೈರಸ್ಸಿನ ಜೀನೋಮ್ ಸುಮಾರು 30,000 ಅಕ್ಷರ ಉದ್ದ. ಹರಡ್ತಾ ಹರಡ್ತಾ ಒಂದು ವಂಶದಲ್ಲಿ ತಿಂಗಳಿಗೆ ಹೆಚ್ಚುಕಮ್ಮಿ ಎರಡು ಅಕ್ಷರ ಬದಲಾಗುತ್ತೆ. ಯಾವ ಅಕ್ಷರ ಅಂತ ಯಾರೂ ಹೇಳಲಾರರು. ಆದರೆ ಒಂದೊಂದು ಸೋಂಕೂ ಒಂದೊಂದು ಲಾಟರಿ ಟಿಕೆಟ್, ಟಿಕೆಟ್ ಹೆಚ್ಚಿದಷ್ಟೂ ಬಂಪರ್ ಹೊಡೆಯೋ ಸಾಧ್ಯತೆ ಹೆಚ್ಚು. 2004ರಲ್ಲಿ ಬ್ರಯಾನ್ ಗ್ರೆನ್‌ಫೆಲ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಇನ್ನೊಂದು ಎಳೆ ಸೇರಿಸಿದರು. ಯಾರಿಗೂ ರೋಗನಿರೋಧಕತೆ ಇಲ್ಲದಿದ್ದರೆ ಅದನ್ನು ತಪ್ಪಿಸಿಕೊಂಡು ವೈರಸ್‌ಗೆ ಆಗಬೇಕಾದ್ದೇನೂ ಇಲ್ಲ. ಎಲ್ಲರಿಗೂ ಇದ್ದರೆ ಹರಡೋಕೇ ಆಗಲ್ಲ. ವೈರಸ್ ವೇಗವಾಗಿ ರೂಪ ಬದಲಿಸೋದು ನಡುವಿನ ಸ್ಥಿತೀಲಿ.

2021ರ ಫೆಬ್ರುವರಿಯಲ್ಲಿ ಐಸಿಎಂಆರ್ ಸಮೀಕ್ಷೆ ಕೊಟ್ಟ ಅಂಕಿ ನೆನಪಿದೆಯಾ? ಐವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನರಿಗೆ ಸೋಂಕು ಬಂದುಹೋಗಿತ್ತು. ಮೂರು ಡಬ್ಬದ ಮಾಡೆಲ್‌ಗೆ ಇದು ಸಿಹಿಸುದ್ದಿ, ಅಷ್ಟು ಜನ ಆಟದಿಂದ ಹೊರಗೆ. ಗ್ರೆನ್‌ಫೆಲ್ ಕಣ್ಣಲ್ಲಿ ನೋಡಿದರೆ ಹಂಚಿಹೋದ ಟಿಕೆಟ್ ಕೋಟಿಗಟ್ಟಲೆ, ದೇಶ ಆ ನಡುವಿನ ಸ್ಥಿತಿಗೆ ಕಾಲಿಡ್ತಿತ್ತು. (ಡೆಲ್ಟಾದ ದೊಡ್ಡ ಬಲ ಅದರ ಹರಡುವ ವೇಗ, ಆದ್ದರಿಂದ ಬರೀ ಗ್ರೆನ್‌ಫೆಲ್ ಹಿಡಿದು ಅದನ್ನು ವಿವರಿಸೋಕಾಗಲ್ಲ.)

ಪ್ಯಾರಾಮೀಟರ್‌ಗಳೇ ಬದಲಾದರೆ ಮಾಡೆಲ್ ಮೊದಲೇ ಹೇಳಲಾಗದು ಅಂತ ಸೂತ್ರದವರು ಆಮೇಲೆ ಸಮಜಾಯಿಷಿ ಕೊಟ್ಟರು. ಗಣಿತದ ಪ್ರಕಾರ ಸರಿ. ಆದರೆ ಅಕ್ಟೋಬರ್‌ನಲ್ಲಿ ನಮ್ಮ ತನಕ ಬಂದ ಷರತ್ತು ಜನರ ನಡವಳಿಕೆಯದ್ದು ಮಾತ್ರ. 'ವೈರಸ್ ಹೀಗೇ ಇದ್ದರೆ' ಅನ್ನೋ ಷರತ್ತು ಯಾವ ಹೆಡ್‌ಲೈನ್‌ನಲ್ಲೂ ನನಗೆ ಕಾಣಲಿಲ್ಲ.

2021ರ ಏಪ್ರಿಲ್ ಮೊದಲಲ್ಲಿ ಎರಡನೇ ಅಲೆಯ ಶಿಖರ ಏಪ್ರಿಲ್ ಮಧ್ಯಕ್ಕೆ ಅಂದರು, ಆಮೇಲೆ ಆ ದಿನಾಂಕ ಮೇ ತಿಂಗಳತ್ತ ಜಾರಿತು. ಜನ ಇದನ್ನು ನೋಡಿ ನಕ್ಕರು. ನನಗೆ ಮಾತ್ರ ಆ ಇಡೀ ಪ್ರಯತ್ನದಲ್ಲಿ ತೀರಾ ಉಪಯುಕ್ತ ಡೇಟಾ ಅನ್ನಿಸೋದು ಆ ಜಾರುವಿಕೆಯೇ. ಹಳೇ ನಂಬರಿಗೂ ದಿನದ ಕೇಸಿಗೂ ನಡುವಿನ ಅಂತರ ವಾರವಾರಕ್ಕೂ ಒಂದೇ ದಿಕ್ಕಿಗೆ ಬೆಳೀತಿದ್ದರೆ, ಎರಡನೇ ಕಾಲಂ ಎಲ್ಲೋ ತುಂಬ್ತಾ ಇದೆ ಅಂತಲೇ ಲೆಕ್ಕ.