ಮದಾರಿ ಪೀಠವೇರಿದಾಗ

ಪಾಲಹಳ್ಳಿಯ ಬೀದಿಗೆ ಮದಾರಿ ಬಂದನೆಂದರೆ ನಾವು ಮಕ್ಕಳು ಡಮರುಗದ ಸದ್ದಿಗೇ ಓಡುತ್ತಿದ್ದೆವು. ಮೂರು ಬಟ್ಟಲು, ಒಂದು ಉಂಡೆ, ಬಾಯಿತುಂಬ ಮಾತು. ಉಂಡೆ ಎಲ್ಲಿದೆಯೆಂದು ಹೇಳಲಾಗದೆ ಸೋತು ನಗುತ್ತಿದ್ದೆವು. ಮನೆಯ ಹಿರಿಯರು 'ಹಾಥ್ ಕಿ ಸಫಾಯಿ' ಎಂದು ಹೇಳಿ ಸುಮ್ಮನಾಗುತ್ತಿದ್ದರು. ಅದನ್ನು ಕಲೆಯೆನ್ನಲು ಅವರಿಗೆ ಮನಸ್ಸಿರಲಿಲ್ಲ, ನಮಗೆ ತೋಚಿರಲಿಲ್ಲ.

ಅಮೆರಿಕದ ಹ್ಯಾರಿ ಆಂಡರ್ಸನ್ (1952–2018) ಅದೇ ಕಸುಬಿನವನು. ಬೀದಿಯಲ್ಲಿ ಬಟ್ಟಲಾಟಕ್ಕೆ ಪಣ ಕಟ್ಟಿಸಿಕೊಳ್ಳುತ್ತಿದ್ದವನು, ಸೋತವನೊಬ್ಬನ ಏಟಿಗೆ ದವಡೆ ಮುರಿಸಿಕೊಂಡ. ಮುಂದೆ ಆ ಮೋಸವನ್ನೇ ತಮಾಷೆಯಾಗಿಸಿ ವೇದಿಕೆಗೆ ತಂದ. 'ಚಿಯರ್ಸ್' ಧಾರಾವಾಹಿಯಲ್ಲಿ ಠಕ್ಕನಾದ. 1984ರಿಂದ 1992ರವರೆಗೆ ಎನ್‌ಬಿಸಿಯ 'ನೈಟ್ ಕೋರ್ಟ್'ನಲ್ಲಿ ನ್ಯಾಯಾಧೀಶ ಹ್ಯಾರಿ ಸ್ಟೋನ್ ಆಗಿ ಮನೆಮಾತಾದ.

ಪೊಲೀಸರು ಅಟ್ಟಬಹುದಾದ ಬೀದಿಯಾಟದವನನ್ನು ಪೀಠದ ಮೇಲೆ ಕೂರಿಸಿದ್ದೇ ಆ ಧಾರಾವಾಹಿಯ ನಿಜವಾದ ವಿನೋದ. ರಾತ್ರಿಯ ಆ ನ್ಯಾಯಾಲಯಕ್ಕೆ ಬರುವವರು ಕುಡುಕರು, ಬೆಲೆವೆಣ್ಣುಗಳು, ಮನೆಯಿಲ್ಲದವರು. ಮೋಡಿಗಾರನಿಗೆ ಎದುರಿನವರ ಕಣ್ಣು ಓದದೆ ಅನ್ನವಿಲ್ಲ. ಆಂಡರ್ಸನ್ ಆ ನೋಟವನ್ನೇ ಪೀಠಕ್ಕೆ ಒಯ್ದ. ಅವನ ಅಭಿನಯದ ಮುಕ್ಕಾಲು ಪಾಲು ಬರೀ ಕೇಳಿಸಿಕೊಳ್ಳುವುದು. ಭಾವುಕ ಸನ್ನಿವೇಶಗಳಲ್ಲಿ ಮುಗ್ಗರಿಸುತ್ತಾನೆ, ನಿಜ. ಆದರೆ ಕೈಯಲ್ಲಿ ಇಸ್ಪೀಟು ಹಿಡಿದು ತಪ್ಪಿತಸ್ಥನನ್ನು ನೋಡುವಾಗ ನಟನೆ ಮರೆತೇ ಹೋಗುತ್ತದೆ. 1993ರಿಂದ ಸಿಬಿಎಸ್‌ನಲ್ಲಿ ನಾಲ್ಕು ವರ್ಷ ನಡೆದ 'ಡೇವ್ಸ್ ವರ್ಲ್ಡ್'ನಲ್ಲಿ ಆತ ಪತ್ರಿಕೆಯ ಅಂಕಣಕಾರ, ಸಂಸಾರಿ. ಅಲ್ಲಿ ನಮಗೆ ಕಂಡದ್ದು ಬೇರು ಕಿತ್ತ ಗಿಡ. ಅದು ಅವನಿಗೂ ತಿಳಿದಿತ್ತೇನೋ. ಕಿರುತೆರೆಯ ದುಡ್ಡು, ಹೆಸರು ಎರಡೂ ಬಂದ ಮೇಲೆ ನ್ಯೂ ಆರ್ಲಿಯನ್ಸಿನಲ್ಲಿ ತನ್ನದೇ ನೈಟ್‌ಕ್ಲಬ್ ತೆರೆದು ಮತ್ತೆ ಮೋಡಿಗೇ ಮರಳಿದ.

ಠಕ್ಕನಿಗೂ ಮೋಡಿಗಾರನಿಗೂ ಇರುವ ಅಂತರ ಒಂದೇ: ಮೋಡಿಗಾರ ಮೋಸ ಮಾಡುತ್ತೇನೆಂದು ಮೊದಲೇ ಹೇಳುತ್ತಾನೆ. ನಮ್ಮ ಕಾನೂನು ಈ ಅಂತರವನ್ನು ಕಾಣಲಿಲ್ಲ. 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆ ಹಾಡು, ಕುಣಿತ, ಆಟ ಪ್ರದರ್ಶನಗಳನ್ನೂ ಭಿಕ್ಷೆಯ ನೆಪಗಳ ಪಟ್ಟಿಗೆ ಸೇರಿಸಿತು. ದೆಹಲಿಗೂ ಅನ್ವಯಿಸಿದ್ದ ಆ ಕಾಯ್ದೆಯ ಹಲವು ಕಲಮುಗಳನ್ನು ದೆಹಲಿ ಹೈಕೋರ್ಟ್ ರದ್ದು ಮಾಡಿದ್ದು 2018ರಲ್ಲಿ. ಆಂಡರ್ಸನ್ ತೀರಿಕೊಂಡ ವರ್ಷ.

ನಮ್ಮ ಮದಾರಿಯ ಮಾತೂ ಆಂಡರ್ಸನ್ನನಷ್ಟೇ ಹರಿತವಾಗಿತ್ತು. ಉರ್ದುವಿನಲ್ಲಿ ಬೈದು ಕನ್ನಡದಲ್ಲಿ ನಗಿಸುತ್ತಿದ್ದ. ಆಟ ಮುಗಿದಾಗ ಅವನು ಚಾದರ ಹಾಸುತ್ತಿದ್ದ, ನಾವು ದೂರ ಸರಿಯುತ್ತಿದ್ದೆವು. ಅವನದು ಬೆವರಿನ ಹಲಾಲ್ ದುಡಿಮೆಯೆಂದು ಆಗ ನಮಗೆ ಯಾರೂ ಹೇಳಿಕೊಡಲಿಲ್ಲ. ಈಗ ಹೇಳಬೇಕಾದವರು ನಾವೇ.